ಎರಡನೆಯ ಸಂಚಿಕೆ ಕೇಳುವ ಮಗು: ಕಲಬುರಗಿಯ ಒಂದು ಕಾಮಿಕ್ಸ್ ಪ್ರಕಾಶನದ ಪ್ರಕರಣ ಅಧ್ಯಯನ

ಕಲಬುರಗಿಯ ಸ್ಟೇಷನ್ ರಸ್ತೆಯ ಆಸುಪಾಸಿನಲ್ಲಿ ಅಣ್ಣ, ತಂಗಿ ಇಬ್ಬರೇ ನಡೆಸುವ ಒಂದು ಸಣ್ಣ ಪ್ರಕಾಶನ ಇದೆ ಎಂದುಕೊಳ್ಳಿ. 1980ರ ದಶಕದಲ್ಲಿ ಅವರ ತಂದೆ ತಂದ ಕನ್ನಡ ಚಿತ್ರಕಥೆಗಳ ಮೂಲ ಹಾಳೆಗಳು ಕಪಾಟಿನಲ್ಲಿವೆ, ಹಕ್ಕೂ ಅವರದೇ. ಅವನ್ನು ಓದಿ ಬೆಳೆದು ಈಗ 45-55ರ ವಯಸ್ಸಿಗೆ ಬಂದಿರುವ 300 ಮಂದಿಯ ಫೋನ್ ನಂಬರು ಅವರ ಹತ್ತಿರ ಇದೆ. ಏನು ತಂದರೂ ಕೊಳ್ಳುವವರು ಇವರೇ. ಕೈಯಲ್ಲಿ 3 ಲಕ್ಷ ರೂಪಾಯಿ ಇದೆ.

ಅಣ್ಣನಿಗೆ ಹಳೆಯ ಕಥೆಗಳನ್ನೆಲ್ಲ ಸೇರಿಸಿ 240 ಪುಟದ ಗಟ್ಟಿ ರಟ್ಟಿನ ಸಂಪುಟ ತರುವ ಆಸೆ. ತಂಗಿಗೆ 8ರಿಂದ 12 ವರ್ಷದ ಮಕ್ಕಳಿಗಾಗಿ ತೆಳ್ಳನೆಯ ನಾಲ್ಕು ಸಂಚಿಕೆ ತರುವ ಹಟ. "ಇದ್ದ ಗಿರಾಕಿ ಬಿಟ್ಟು ಇಲ್ಲದವರ ಬೆನ್ನ ಹತ್ತೋದು ಎದಕ್ಕ?" ಎಂದು ಅವನು. "ಇದ್ದ ಗಿರಾಕಿಗಿ ವಯಸ್ಸ ಆಗ್ಲಿಕತ್ತದ ಅಣ್ಣಾ" ಎಂದು ಇವಳು. ಚಿತ್ರಕಥೆಯ ಉದ್ಯಮ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಇದೇ ಜಗಳ ನಡೆದಿದೆ. ಇಲ್ಲಿನ ಪ್ರಕಾಶನ ಒಂದು ಮಾದರಿ, ಅದರ ದರಗಳು ಲೆಕ್ಕ ಹಾಕಲೆಂದು ಇಟ್ಟುಕೊಂಡವು. ಕಾಗದದ ಅಳತೆ, ಅಚ್ಚಿನ ಕ್ರಮ, ಊರು, ಇತಿಹಾಸ ಮಾತ್ರ ಇದ್ದದ್ದು ಇದ್ದ ಹಾಗೆ.

ಹಳೆಯ ಓದುಗರ ಸಂಪುಟ

ಅಣ್ಣನ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 240 ಹಳೆಯ ಪುಟಗಳನ್ನು ಸ್ಕ್ಯಾನ್ ಮಾಡಿ, ಹಳದಿ ಕಲೆ ತೆಗೆದು, ಮಸುಕಾದ ಗೆರೆಗಳನ್ನು ಸರಿಪಡಿಸಲು ಪುಟಕ್ಕೆ 250 ರೂಪಾಯಿಯಂತೆ 60,000. ಪ್ರತಿಗೆ 420ರಂತೆ 500 ಪ್ರತಿ ಅಚ್ಚಿಗೆ 2,10,000. ಒಟ್ಟು 2,70,000. 300 ಮಂದಿ ತಲಾ 900 ರೂಪಾಯಿ ಕೊಟ್ಟು ಕೊಂಡರೆ ಹಾಕಿದ ದುಡ್ಡು ಅಷ್ಟೂ ವಾಪಸು. ಉಳಿದ 200 ಪ್ರತಿ ಅಂಗಡಿಗಳಲ್ಲಿ ನಿಧಾನಕ್ಕೆ ಹೋದರೂ ಅದು ಲಾಭವೇ.

ತೊಂದರೆ ಮೊದಲ ವರ್ಷದಲ್ಲಿ ಕಾಣುವುದಿಲ್ಲ. ವರ್ಷಕ್ಕೆ ನೂರಕ್ಕೆ ಹತ್ತು ಮಂದಿ ಕೈಬಿಡುತ್ತಾರೆ ಎಂದಿಟ್ಟುಕೊಳ್ಳಿ. ಮನೆ ಬದಲಾಗುತ್ತದೆ, ಕಪಾಟು ತುಂಬುತ್ತದೆ, ಕಣ್ಣು ಮಂಜಾಗುತ್ತದೆ. 300 ಇದ್ದದ್ದು 270, 243, 219, 197 ಆಗಿ, ಐದು ವರ್ಷ ಕಳೆದಾಗ 177ಕ್ಕೆ ಬರುತ್ತದೆ. ಆಗಲೂ ಇವರಿಂದಲೇ 2,70,000 ಎತ್ತಬೇಕೆಂದರೆ ಪ್ರತಿಯ ಬೆಲೆ 1,525 ಆಗಬೇಕು. ಬೆಲೆ ಏರಿದ ಕೂಡಲೇ ಇನ್ನಷ್ಟು ಮಂದಿ ಬಿಡುತ್ತಾರೆ. ಜನ ಕಡಿಮೆಯಾದಷ್ಟೂ ಪುಸ್ತಕ ದುಬಾರಿಯಾಗುತ್ತದೆ, ದುಬಾರಿಯಾದಷ್ಟೂ ಜನ ಕಡಿಮೆಯಾಗುತ್ತಾರೆ.

ಅಮೆರಿಕದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೆದುಹೋಗಿದೆ. 1970ರ ದಶಕದ ಆರಂಭದಲ್ಲಿ ಫಿಲ್ ಸ್ಯೂಲಿಂಗ್ ಎಂಬ ವ್ಯಾಪಾರಿ ಕಾಮಿಕ್ಸ್ ಅಂಗಡಿಗಳಿಗೆ ನೇರ ಸರಬರಾಜಿನ ಪದ್ಧತಿ ತಂದರು: ರಿಯಾಯಿತಿ ಹೆಚ್ಚು, ಆದರೆ ಮಾರಾಟವಾಗದ ಪ್ರತಿ ವಾಪಸು ಇಲ್ಲ. ಪ್ರಕಾಶಕರಿಗೆ ನೆಮ್ಮದಿಯಾಯಿತು. ಆದರೆ ವಾಪಸು ಇಲ್ಲ ಎಂದ ಮೇಲೆ ಅಂಗಡಿಯವನು ಗೊತ್ತಿರುವ ಗಿರಾಕಿ ಕೇಳಿದ್ದನ್ನಷ್ಟೇ ತರಿಸುತ್ತಾನೆ. ಆಟವಾಡುತ್ತ ಬಂದ ಗುರುತಿಲ್ಲದ ಹುಡುಗನಿಗಾಗಿ ಒಂದು ಪ್ರತಿ ಹೆಚ್ಚಿಗೆ ತರಿಸುವ ಧೈರ್ಯ ಮಾಡುವುದಿಲ್ಲ. 1990ರ ದಶಕದ ಮೊದಲ ಭಾಗದಲ್ಲಿ ಸಂಗ್ರಾಹಕರು ಒಂದೇ ಸಂಚಿಕೆಯ ಹಲವು ಪ್ರತಿ ಕೊಂಡು ಪ್ಲಾಸ್ಟಿಕ್ ಚೀಲದಲ್ಲಿಟ್ಟರು, ಪ್ರಕಾಶಕರು ಪ್ರತಿಗಳನ್ನು ಎಣಿಸಿ ಓದುಗರೆಂದು ತಿಳಿದರು. ಸಂಗ್ರಾಹಕರು ಕೈಬಿಟ್ಟಾಗ ಮಾರಾಟ ಕುಸಿಯಿತು. 1996ರ ಡಿಸೆಂಬರ್‌ನಲ್ಲಿ ಕಾಮಿಕ್ಸ್ ಸಂಸ್ಥೆ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು. ಮುಂದೆ ಅಲ್ಲಿ ಮಕ್ಕಳು ಚಿತ್ರಕಥೆಗೆ ಮರಳಿದ್ದು ಬಹುಮಟ್ಟಿಗೆ ಶಾಲೆಯ ದಾರಿಯಿಂದ. ಶಾಲೆಗಳಲ್ಲೇ ಪುಸ್ತಕ ಮೇಳ ನಡೆಸುವ ಸ್ಕೊಲಾಸ್ಟಿಕ್ ಸಂಸ್ಥೆ 2005ರಲ್ಲಿ ಮಕ್ಕಳಿಗೆಂದೇ ಗ್ರಾಫಿಕ್ಸ್ ಎಂಬ ಕಾಮಿಕ್ಸ್ ವಿಭಾಗ ತೆರೆಯಿತು.

ಇದಕ್ಕೆ ಎದುರು ಉದಾಹರಣೆಯೂ ಹತ್ತಿರದಲ್ಲೇ ಇದೆ. ಶಿವಕಾಶಿಯ ಮುತ್ತು ಕಾಮಿಕ್ಸ್ 1972ರಲ್ಲಿ, ಲಯನ್ ಕಾಮಿಕ್ಸ್ 1984ರಲ್ಲಿ ಶುರುವಾದವು. ಇಂದಿಗೂ ತಮಿಳಿನಲ್ಲಿ ಚಂದಾದಾರರನ್ನು ನೆಚ್ಚಿಕೊಂಡು ನಡೆಯುತ್ತಿವೆ. ಆದರೆ ಅಲ್ಲಿ ದಶಕಗಳ ಕಾಲ ಸರಣಿ ಹೆಚ್ಚುಕಡಿಮೆ ಮುಂದುವರಿದು ಬಂತು, ಓದುಗನ ಕೈತಪ್ಪಲಿಲ್ಲ. ಕನ್ನಡದಲ್ಲಿ ಹಾಗಾಗಲಿಲ್ಲ. ಅಮರ ಚಿತ್ರಕಥೆಯ ಮೂಲವೇ ಕನ್ನಡದಲ್ಲಿದೆ: 1965ರಲ್ಲಿ ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ ಅವರು ಐಬಿಎಚ್ ಪ್ರಕಾಶನದ ಮೂಲಕ ಪಾಶ್ಚಾತ್ಯ ಕಥೆಗಳ ಚಿತ್ರಪುಸ್ತಕಗಳನ್ನು ಕನ್ನಡದಲ್ಲಿ ತಂದರು, 1967ರಲ್ಲಿ ಸಂಪಾದಕ ಅನಂತ ಪೈ ಅವರ ಕೈಯಲ್ಲಿ ಮಾಲೆ ಬೆಳೆಯತೊಡಗಿತು. ಮೊದಲ 10 ಸಂಖ್ಯೆ ಆ ಪಾಶ್ಚಾತ್ಯ ಕಥೆಗಳಿಗೆ ಹೋದದ್ದರಿಂದಲೇ 'ಕೃಷ್ಣ' ಸಂಚಿಕೆಯ ಸಂಖ್ಯೆ 11. ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಆರಂಭವಾಗಿ, ಕನ್ನಡದಲ್ಲೂ ಬಂದು, 1990ರಲ್ಲಿ ನಿಂತಿತು. 1940ರ ದಶಕದ ಕೊನೆಯಿಂದ ಕನ್ನಡದ ಮನೆಗಳಿಗೆ ಬರುತ್ತಿದ್ದ ಚಂದಮಾಮವೂ ನಿಂತಿತು. ತಿಂಗಳು ತಿಂಗಳು ಕಾಯುವ ಅಭ್ಯಾಸವೇ ಒಂದು ತಲೆಮಾರಿಗೆ ತಪ್ಪಿಹೋಯಿತು. ಆದ್ದರಿಂದ ಕನ್ನಡ ಪ್ರಕಾಶಕ ಹಳಬರನ್ನೇ ನೆಚ್ಚಿದರೆ ಅವನು ನೆಚ್ಚುವುದು ತಳ ಒಡೆದ ಕೊಡವನ್ನು. ಈ ಪ್ರಕರಣದಲ್ಲಿ ತಂಗಿಯದೇ ಸರಿ. ಅವಳು ಸರಿ ಎಂದ ಮಾತ್ರಕ್ಕೆ ಅವಳ ನಾಲ್ಕು ಸಂಚಿಕೆ ಮಾರಾಟವಾಗುತ್ತವೆ ಎಂದಲ್ಲ.

ಹೊಸ ಓದುಗ ಎಂದರೆ ಯಾರು

ಹೊಸ ಓದುಗನನ್ನು ಹುಡುಕುವವರು ಹೆಚ್ಚಾಗಿ ಎಡವುವುದು ಇಲ್ಲೇ. ಮೇಳದಲ್ಲಿ ಒಂದು ಪುಸ್ತಕ ಕೊಂಡ ಮಗುವನ್ನು, ಸಮಾರಂಭದಲ್ಲಿ ಉಚಿತವಾಗಿ ಪಡೆದ ಮಗುವನ್ನು ಓದುಗನೆಂದು ಲೆಕ್ಕ ಹಿಡಿಯುತ್ತಾರೆ. ಅಲ್ಲ. ಮೊದಲ ಪುಸ್ತಕ ಕೊಳ್ಳುವುದು ಅಪ್ಪ, ಅವ್ವ, ಇಲ್ಲವೇ ಮಾಸ್ತರರು. ಎರಡನೆಯದನ್ನು "ಬಂತೇನ್ರೀ?" ಎಂದು ಅಂಗಡಿಗೆ ಬಂದು ಕೇಳುವುದು ಮಗು. ಆ ಕ್ಷಣಕ್ಕೆ ಅದು ಓದುಗ. ಹಾಗಾಗಿ ತಂಗಿಯ ಯೋಜನೆಯ ಪ್ರತಿ ನಿರ್ಧಾರಕ್ಕೂ ಒಂದೇ ಒರೆಗಲ್ಲು: ಇದು ಎರಡನೆಯ ಸಂಚಿಕೆಯನ್ನು ಕೇಳಿಸುತ್ತದೆಯೇ?

8ರಿಂದ 12 ಎಂದರೆ ನಾಲ್ಕೇ ವರ್ಷ. ವರ್ಷಕ್ಕೆ ಎರಡು ಸಂಚಿಕೆ ತಂದರೆ ಒಂದು ಮಗುವಿಗೆ ಬಾಲ್ಯದಲ್ಲಿ ಸಿಗುವುದು 8 ಸಂಚಿಕೆ. ಮೂರು ತಿಂಗಳು ತಡವಾದರೆ ದೊಡ್ಡವರು ಕಾಯುತ್ತಾರೆ, ಮಗು ಮರೆತುಬಿಡುತ್ತದೆ. ಆದ್ದರಿಂದ ನಾಲ್ಕೂ ಸಂಚಿಕೆಗಳ ಕಥೆ, ಚಿತ್ರ, ಬಣ್ಣ, ಅಕ್ಷರ ಮುಗಿಯುವ ತನಕ ಮೊದಲನೆಯದನ್ನು ಬಿಡುಗಡೆ ಮಾಡಬಾರದು. ಇದೊಂದು ನಿಯಮದಲ್ಲಿ ರಾಜಿ ಇಲ್ಲ. ಮೊದಲ ಸಂಚಿಕೆಯ ಖುಷಿಯಲ್ಲಿ ಎರಡನೆಯದನ್ನು ಬರೆಯಲು ಕುಳಿತವರು ಮೂರನೆಯದಕ್ಕೆ ಚಿತ್ರಕಾರ ಸಿಗದೆ ನಿಲ್ಲಿಸಿಬಿಡುತ್ತಾರೆ.

ಕಾಲವನ್ನೂ ಈ ಭಾಗದ ದುಡ್ಡಿನ ಲಯ ನೋಡಿಯೇ ಆರಿಸಬೇಕು. ಜೂನ್‌ನಲ್ಲಿ ಬೀಜ, ಗೊಬ್ಬರ, ಶಾಲೆಯ ಚೀಲ, ನೋಟ್‌ಬುಕ್ಕು ಎಲ್ಲ ಒಟ್ಟಿಗೆ ಬರುತ್ತವೆ. ಆಗ ಚಿತ್ರಪುಸ್ತಕಕ್ಕೆ ಯಾರ ಜೇಬಿನಲ್ಲೂ ರೂಪಾಯಿ ಇರುವುದಿಲ್ಲ. ತೊಗರಿ ಕೊಯ್ಲು ಡಿಸೆಂಬರ್, ಜನವರಿಗೆ. ಮಕ್ಕಳ ದಿನಾಚರಣೆಯ ನೆಪದಲ್ಲಿ ನವೆಂಬರ್ 14ಕ್ಕೆ ಮೊದಲ ಸಂಚಿಕೆ, ಮುಂದೆ ಡಿಸೆಂಬರ್, ಜನವರಿ, ಫೆಬ್ರವರಿ. ಹೋಳಿ ಕಳೆದು ಶರಣಬಸವೇಶ್ವರ ಜಾತ್ರೆ ಬರುವ ಹೊತ್ತಿಗೆ ನಾಲ್ಕೂ ಸೇರಿದ ಒಂದು ಸಂಪುಟ ಕೈಯಲ್ಲಿರಬೇಕು. ಅದೇ ಬೇಸಿಗೆ ರಜೆಗೂ ಆಗುತ್ತದೆ.

ಪುಸ್ತಕದ ಮೈಕಟ್ಟು

32 ಪುಟ ಎನ್ನುವುದು ಕಾಮಿಕ್ಸ್ ಲೋಕದ ರೂಢಿ. ಈ ಬಂಡವಾಳಕ್ಕೆ 24 ಪುಟ ಸಾಕು. ಡಬಲ್ ಕ್ರೌನ್ ಹಾಳೆ 20×30 ಇಂಚು. ಮೂರು ಮಡಿಕೆಗೆ 8 ಎಲೆ, 16 ಪುಟ, ಕತ್ತರಿಸುವ ಮೊದಲು 7.5×10 ಇಂಚು, ಕತ್ತರಿಸಿದ ಮೇಲೆ ಸುಮಾರು 7.25×9.5. 24 ಪುಟ ಎಂದರೆ ಒಂದೂವರೆ ಹಾಳೆ. 16 ಪುಟದ ಫಾರಂಗೆ (ಒಟ್ಟಿಗೆ ಅಚ್ಚಾಗುವ ಒಂದು ಹಾಳೆಗೆ) ಎರಡು ಬದಿಗೆ ನಾಲ್ಕು ಬಣ್ಣದಂತೆ 8 ಪ್ಲೇಟು, ಅಂದರೆ ಬಣ್ಣಕ್ಕೊಂದು ಅಚ್ಚಿನ ತಗಡು. 8 ಪುಟದ ಅರ್ಧ ಫಾರಂ ಅನ್ನು ಅದೇ ಪ್ಲೇಟಿನಲ್ಲಿ ಹಾಳೆ ತಿರುಗಿಸಿ ಎರಡೂ ಬದಿ ಹೊಡೆದು ನಡುವೆ ಕತ್ತರಿಸಬಹುದು, ಅದಕ್ಕೆ 4 ಪ್ಲೇಟು. ಹೊದಿಕೆಯೂ ಹಾಗೆಯೇ, 4. ಒಟ್ಟು 16 ಪ್ಲೇಟು. 20 ಪುಟ ಅಥವಾ 28 ಪುಟ ಎಂದು ಮನಸ್ಸಿಗೆ ಬಂದ ಹಾಗೆ ನಿಗದಿ ಮಾಡಿದರೆ ಹಾಳೆಯ ಕಾಲುಭಾಗ ರದ್ದಿಗೆ ಹೋಗಬಹುದು. ಕಥೆಗಾರರಿಗೆ ಇದನ್ನು ಮೊದಲ ದಿನವೇ ಹೇಳಿರಬೇಕು.

2,000 ಪ್ರತಿಗೆ ಒಳಪುಟದ ಹಾಳೆ 3,000. 90 ಜಿಎಸ್‌ಎಂ ಮ್ಯಾಪ್‌ಲಿಥೋ (ಚದರ ಮೀಟರಿಗೆ 90 ಗ್ರಾಂ ತೂಗುವ, ಹೊಳಪಿಲ್ಲದ ಕಾಗದ) ಆದರೆ ಸುಮಾರು 105 ಕಿಲೋ. 170 ಜಿಎಸ್‌ಎಂ ಹೊದಿಕೆಗೆ 500 ಹಾಳೆ, 33 ಕಿಲೋ. ಬಣ್ಣ ಹೊಂದಿಸುವಾಗ ಹಾಳಾಗುವುದಕ್ಕೆ ನೂರಕ್ಕೆ 7 ಸೇರಿಸಿದರೆ 148 ಕಿಲೋ ಆಗುತ್ತದೆ. ಕಿಲೋಗೆ 90ರಂತೆ ಕಾಗದ 13,300. ಪ್ಲೇಟಿಗೆ 300ರಂತೆ 4,800. ಮಶೀನಿನ ಕೂಲಿ 5,600. ಮಡಿಕೆ, ಪಿನ್ನು, ಕತ್ತರಿಸುವುದಕ್ಕೆ 2,300. ಕೂಡಿದರೆ 26,000, ಪ್ರತಿಗೆ 13 ರೂಪಾಯಿ. ಪ್ಲೇಟಿನ ಖರ್ಚು ಪ್ರತಿ ಎಷ್ಟಿದ್ದರೂ ಅಷ್ಟೇ, ಮಶೀನಿನ ಕೂಲಿಯೂ ಬಹುಪಾಲು ಹಾಗೆಯೇ. ಆದ್ದರಿಂದ 1,000 ಪ್ರತಿಗೆ ಇಳಿದರೆ ತಲಾ ಖರ್ಚು 17ರ ಮೇಲೆ ಹೋಗುತ್ತದೆ.

ಹೊಳೆಯುವ ಆರ್ಟ್ ಪೇಪರ್ ಬೇಡ. 130 ಜಿಎಸ್‌ಎಂ ಎಂದರೆ ತೂಕ ಒಂದೂವರೆ ಪಟ್ಟು ಹತ್ತಿರ, ಸಾಗಣೆಯೂ ಅಷ್ಟೇ ಹೆಚ್ಚು. ಟ್ಯೂಬ್‌ಲೈಟ್ ಕೆಳಗೆ ಹೊಳಪು ಕಣ್ಣಿಗೆ ಹೊಡೆಯುತ್ತದೆ, ಬೆವರಿದ ಬೆರಳು ಅಂಟುತ್ತದೆ. ಮ್ಯಾಪ್‌ಲಿಥೋದಲ್ಲಿ ಮಸಿ ಹೀರಿಕೊಂಡು ಬಣ್ಣ ಒಂದು ಗೆರೆ ಗಾಢವಾಗುತ್ತದೆ ಎನ್ನುವುದು ನಿಜ. ಅದಕ್ಕೆ ಬಣ್ಣ ಹಾಕುವಾಗಲೇ ನಾಲ್ಕೂ ಮಸಿಯ ಒಟ್ಟು ಪ್ರಮಾಣ (ನಾಲ್ಕೂ ಪೂರ್ತಿ ಇದ್ದರೆ 400) 260 ಪ್ರತಿಶತ ದಾಟದಂತೆ ನೋಡಿಕೊಳ್ಳಬೇಕು. ಗೆರೆ ಮತ್ತು ಅಕ್ಷರ ಎರಡೂ ಕಪ್ಪು ಮಸಿಯೊಂದರಲ್ಲೇ ಇರಬೇಕು. ನಾಲ್ಕು ಮಸಿ ಸೇರಿಸಿದ ಕಪ್ಪಿನಲ್ಲಿ ಅಕ್ಷರ ಇಟ್ಟರೆ ಹಾಳೆ ಕೂದಲೆಳೆಯಷ್ಟು ಸರಿದರೂ ಒತ್ತಕ್ಷರದ ಸುತ್ತ ಕೆಂಪು, ನೀಲಿ ನೆರಳು ಬರುತ್ತದೆ. ಈಗಷ್ಟೇ ಓದಲು ಕಲಿತ ಮಗುವಿಗೆ 'ತ್ತ'ವೋ 'ತ್ರ'ವೋ ತಿಳಿಯುವುದಿಲ್ಲ.

ಬೈಂಡಿಂಗ್ ಬಗ್ಗೆ ಒಂದು ಮಾತು. ಬೆನ್ನಿಗೆ ಅಂಟು ಹಾಕಿದ ಪುಸ್ತಕ ನೋಡಲು ಚೆಂದ, ಕಲಬುರಗಿಯ ಬೇಸಿಗೆಗೆ ಅಲ್ಲ. ಹೊರಗೆ 43 ಡಿಗ್ರಿ ಇರುವಾಗ ತಗಡಿನ ಗೋದಾಮಿನಲ್ಲಿ, ಬಿಸಿಲಲ್ಲಿ ನಿಂತ ಗೂಡ್ಸ್ ಗಾಡಿಯಲ್ಲಿ ಬಿಸಿ ಅಂಟು ಮೆತ್ತಗಾಗಿ ಪುಟ ಉದುರುತ್ತದೆ. 24 ಪುಟಕ್ಕೆ ಎರಡು ಪಿನ್ನು, ಸಂಪುಟಕ್ಕೆ ನೂಲಿನ ಹೊಲಿಗೆ.

ಅಕ್ಷರ ಮತ್ತು ಮಾತು

ಕನ್ನಡ ಕಾಮಿಕ್ಸ್ ಮಗುವಿನ ಕೈಯಿಂದ ಜಾರುವುದು ಹೆಚ್ಚಾಗಿ ಚಿತ್ರದ ದೋಷಕ್ಕಲ್ಲ, ಅಕ್ಷರದ ದೋಷಕ್ಕೆ. ಇಂಗ್ಲಿಷಿನ ಚಿತ್ರಕ್ಕೆ ಕನ್ನಡದ ಮಾತು ತುಂಬಿದ ಪುಸ್ತಕಗಳನ್ನು ನೋಡಿ: ಮಾತು ಬರೆಯುವ ಬಲೂನು ಅವರ ಅಳತೆಯದು. ಕನ್ನಡದ ಪದ ಉದ್ದ, ನಡುವೆ ಒಡೆಯಲು ಬಾರದು. ಮೇಲೆ ಗುಡಿಸು, ಕೆಳಗೆ ಒತ್ತು ಇರುವುದರಿಂದ ಸಾಲಿನ ಅಂತರವೂ ಹೆಚ್ಚು ಬೇಕು. ಜಾಗ ಸಾಲದೆ ಅಕ್ಷರವನ್ನು 8 ಪಾಯಿಂಟಿಗೆ ಇಳಿಸುತ್ತಾರೆ. ಅಲ್ಲಿಗೆ ಪುಸ್ತಕ ದೊಡ್ಡವರದಾಯಿತು.

ಮೂರನೆಯ ತರಗತಿಯ ಮಗುವಿಗೆ 13 ಪಾಯಿಂಟಿಗಿಂತ ಕಡಿಮೆ ಬೇಡ. ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟು. ಒಂದು ಬಲೂನಿಗೆ 10 ಪದ, ಒಂದು ಚೌಕಟ್ಟಿಗೆ ಎರಡು ಬಲೂನು, ಒಂದು ಪುಟಕ್ಕೆ 5 ಚೌಕಟ್ಟು. ಬಲೂನನ್ನು ಮೊದಲು ಬರೆದು ಮಾತು ತುಂಬಬಾರದು, ಮಾತು ಕೂರಿಸಿದ ಮೇಲೆ ಅದರ ಸುತ್ತ ಬಲೂನು ಎಳೆಯಬೇಕು. ಹಾಗಾಗಿ ಪೆನ್ಸಿಲ್ ಹಂತದಲ್ಲೇ ಅಕ್ಷರ ಜೋಡಿಸುವವರು ಚಿತ್ರಕಾರರ ಪಕ್ಕ ಇರಬೇಕು.

ಕಂಪ್ಯೂಟರಿನ ಒಂದು ತೊಡಕು ಪ್ರತಿ ಸಲ ಕಾಡುತ್ತದೆ. ಚಿತ್ರ, ಪುಟ ಸಿದ್ಧಮಾಡುವ ಫೋಟೋಶಾಪ್, ಇಲ್ಲಸ್ಟ್ರೇಟರ್, ಇನ್‌ಡಿಸೈನ್‌ಗಳಲ್ಲಿ ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸದಿದ್ದರೆ ಯೂನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡದ ಒತ್ತು ಬಿಡಿಬಿಡಿಯಾಗಿ 'ಅಕ್‌ಕ' ಎಂಬಂತೆ ಬೀಳಬಹುದು. ಇದಕ್ಕೆ ಹೆದರಿ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿಗೆ ಹೋದರೆ ಅಚ್ಚು ಸರಿಯಾಗುತ್ತದೆ, ಆದರೆ ನಾಳೆ ಅದೇ ಮಾತನ್ನು ಫೋನಿನ ಆವೃತ್ತಿಗೆ ಎತ್ತಲು ಪರಿವರ್ತನೆ ಮಾಡಬೇಕು, ಅದರಲ್ಲಿ ಅರ್ಕಾವತ್ತು ಜಾರುತ್ತದೆ. ಮೊದಲಿಂದ ಯೂನಿಕೋಡ್‌ನಲ್ಲೇ ಕೂರಿಸಿ, ಪ್ರೆಸ್ಸಿಗೆ ಕಳಿಸುವ ಪ್ರತಿಯಲ್ಲಿ ಮಾತ್ರ ಅಕ್ಷರವನ್ನು ಚಿತ್ರದ ಆಕಾರವಾಗಿಸಬೇಕು, ಅಂದರೆ ಔಟ್‌ಲೈನ್ ಮಾಡಬೇಕು.

ಮಾತು ಯಾವ ಕನ್ನಡದಲ್ಲಿರಬೇಕು? ಚೌಕಟ್ಟಿನ ಮೇಲಿನ ನಿರೂಪಣೆ ಪಠ್ಯಪುಸ್ತಕದ ಕನ್ನಡದಲ್ಲಿರಲಿ, ಬಲೂನಿನ ಮಾತು ಮನೆಯ ಕನ್ನಡದಲ್ಲಿ. "ಅಜ್ಜ, ಎಲ್ಲಿಗೆ ಹೋಗುತ್ತಿದ್ದೀರಿ?" ಎಂದು ಜೇವರ್ಗಿಯ ಹುಡುಗಿ ಕೇಳುವುದಿಲ್ಲ. "ಮುತ್ಯಾ, ಎಲ್ಲಿ ಹೊಂಟಿ?" ಎನ್ನುತ್ತಾಳೆ. ತನ್ನ ಮಾತು ಅಚ್ಚಿನಲ್ಲಿ ಕಂಡ ಮಗು ಆ ಪುಟವನ್ನು ಗಟ್ಟಿಯಾಗಿ ಓದಿ ಪಕ್ಕದವರಿಗೂ ತೋರಿಸುತ್ತದೆ. ಮೈಸೂರಿನ ಓದುಗರಿಗೆ ಕಷ್ಟವಾಗದೇ ಎಂಬ ಚಿಂತೆ ಈ ಹಂತದಲ್ಲಿ ಅನಗತ್ಯ. ಇಷ್ಟು ವರ್ಷ ಇಲ್ಲಿನ ಮಕ್ಕಳು ಮೈಸೂರಿನ ಕನ್ನಡವನ್ನು ಕಷ್ಟಪಟ್ಟು ಓದಿಯೇ ಇದ್ದಾರೆ.

24 ಪುಟದ ಹಂಚಿಕೆ ಹೀಗೆ: 14 ಪುಟದ ಪೂರ್ತಿ ಕಥೆ ಒಂದು, ಮಾತೇ ಇಲ್ಲದ 4 ಪುಟದ ಕಥೆ, 'ಇದು ಹೇಗೆ ಆಗ್ತದ' ಎಂಬ 4 ಪುಟ, ಖಾಲಿ ಬಲೂನು ಇಟ್ಟು ಮಕ್ಕಳೇ ತುಂಬುವ 2 ಪುಟ. ಮಾತಿಲ್ಲದ ಕಥೆ ಅಲಂಕಾರಕ್ಕಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ಇಡೀ ರಾಜ್ಯದಲ್ಲೇ ಕಡಿಮೆ. ಮನೆಯಲ್ಲಿ ಓದಲು ಬರುವುದು ಮಗುವೊಂದಕ್ಕೇ ಎಂಬ ಕುಟುಂಬಗಳು ಇಲ್ಲಿ ಬಹಳ. ಅವ್ವನ ಪಕ್ಕ ಕುಳಿತು ಇಬ್ಬರೂ ಸಮನಾಗಿ ನೋಡಿ ನಗುವ ನಾಲ್ಕು ಪುಟ ಇದ್ದರೆ ಮುಂದಿನ ತಿಂಗಳು ಅವ್ವ 30 ರೂಪಾಯಿ ಕೊಡಲು ಹಿಂಜರಿಯುವುದಿಲ್ಲ. ತಾಂಡಾದ ಲಂಬಾಣಿ ಮಗುವಿಗೆ, ಉರ್ದು ಶಾಲೆಯ ಮಗುವಿಗೆ, ಸೇಡಂ ಗಡಿಯ ತೆಲುಗು ಮನೆಗೆ, ಔರಾದಿನ ಮರಾಠಿ ಮನೆಗೆ ಇದೇ ಬಾಗಿಲು.

'ಇದು ಹೇಗೆ ಆಗ್ತದ' ಪುಟಕ್ಕೆ ವಸ್ತುವಿನ ಬರ ಇಲ್ಲ. ಬಿದರಿ ಹೂಜಿ ಕಪ್ಪಾಗುವುದು ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ನೀರಿನಿಂದ, ಆದರೂ ಬೆಳ್ಳಿಯ ಎಳೆ ಬೆಳ್ಳಗೇ ಉಳಿಯುತ್ತದೆ. ಬೀದರಿನ ನೆಲದಡಿಯ ಕರೇಜ್ ಕಾಲುವೆಯಲ್ಲಿ ನೀರು ಪಂಪಿಲ್ಲದೆ ಇಳಿಜಾರಿನಲ್ಲೇ ಹರಿಯುತ್ತದೆ. ಸನ್ನತಿಯ ಹತ್ತಿರದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಅವನ ಶಿಲ್ಪವಿದೆ. ಇವೆಲ್ಲ ನಾಲ್ಕು ಪುಟದ ಬೆರಗುಗಳು. ಆದರೆ 14 ಪುಟದ ಮುಖ್ಯ ಕಥೆ, ಕನಿಷ್ಠ ಮೊದಲೆರಡು ಸಂಚಿಕೆಗಳಲ್ಲಿ, ಮಹಾಪುರುಷರ ಚರಿತ್ರೆ ಆಗಬಾರದು. ಮಾಸ್ತರರು ಅದನ್ನೇ ಬಯಸುತ್ತಾರೆ, ಅಪ್ಪಂದಿರು ಅದನ್ನೇ ಕೊಡಿಸುತ್ತಾರೆ, ಮಗು ಒಂದು ಸಲ ಓದಿ ಮುಚ್ಚಿಡುತ್ತದೆ. ಚರಿತ್ರೆಯ ಕಥೆ ಮುಗಿಯುತ್ತದೆ. ಒಂದು ತುಂಟ ಹುಡುಗಿ, ಒಂದು ಹಟಮಾರಿ ಆಡು, ಮರೆವಿನ ಮುತ್ಯಾ ಮುಗಿಯುವುದಿಲ್ಲ, ಅವರು ಮುಂದಿನ ತಿಂಗಳೂ ಬೇಕು. ಆದರೂ ಕಥೆಯನ್ನು 'ಮುಂದುವರಿಯುವುದು' ಎಂದು ಅರ್ಧಕ್ಕೆ ಕಡಿಯಬಾರದು. ಮೂರನೆಯ ಸಂಚಿಕೆ ಮೊದಲು ಸಿಕ್ಕ ಮಗುವಿಗೆ ಅದೇ ಮೊದಲನೆಯದಾಗಬೇಕು. ಪಾತ್ರ ಮುಂದುವರಿಯಲಿ, ಕಥೆ ಅಲ್ಲೇ ಮುಗಿಯಲಿ.

ಎಲ್ಲಿ ಇಡಬೇಕು

ದೊಡ್ಡ ಪುಸ್ತಕದಂಗಡಿಗೆ 100 ಪ್ರತಿ ಕೊಟ್ಟು ಬರುವುದು ಸುಲಭ, ಅಲ್ಲೇ ಸಾಯುತ್ತದೆ. ಪಿನ್ ಬೈಂಡಿಂಗ್ ಪುಸ್ತಕಕ್ಕೆ ಬೆನ್ನು ಇರುವುದಿಲ್ಲ. ಗೈಡು, ಪ್ರಶ್ನೋತ್ತರ ಮಾಲೆಗಳ ನಡುವೆ ನಿಲ್ಲಿಸಿದರೆ ಕಾಣುವುದೇ ಇಲ್ಲ. ಈ ಪುಸ್ತಕ ಹೊದಿಕೆ ತೋರಿಸಿ ನೇತಾಡಬೇಕು, ಅದೂ ನೆಲದಿಂದ ಮೂರೂವರೆ ಅಡಿಯೊಳಗೆ. 350 ರೂಪಾಯಿಯ ತಂತಿ ಸ್ಟ್ಯಾಂಡು ಇಲ್ಲವೇ ಒಂದು ಹಗ್ಗ, ಐದು ಬಟ್ಟೆ ಕ್ಲಿಪ್ಪು. ಜಾಗ: ಶಾಲೆಯ ಎದುರಿನ ಸ್ಟೇಷನರಿ ಅಂಗಡಿ. ಮಗು ಪೆನ್ಸಿಲ್ ಕೊಳ್ಳಲು ವಾರಕ್ಕೆ ಎರಡು ಸಲ ಬರುವುದು ಅಲ್ಲಿಗೆ.

ಆಳಂದ, ಜೇವರ್ಗಿ, ಚಿತ್ತಾಪುರ, ಸೇಡಂ, ಶಹಾಪುರ, ಸುರಪುರ, ಹುಮನಾಬಾದ್, ಬಸವಕಲ್ಯಾಣ ಮತ್ತು ಕಲಬುರಗಿ ನಗರ ಸೇರಿ 40 ಅಂಗಡಿ, ತಲಾ 25 ಪ್ರತಿ. ಒಂದು ಪ್ರತಿ ಸುಮಾರು 65 ಗ್ರಾಂ, 100 ಪ್ರತಿಯ ಕಟ್ಟು ಆರೂವರೆ ಕಿಲೋ, ಬಸ್ ಕಾರ್ಗೋದಲ್ಲಿ ತಾಲೂಕಿಗೊಂದು ಕಟ್ಟು ಹೋಗುತ್ತದೆ. ಕಮಿಷನ್ ನೂರಕ್ಕೆ 35. ಉದ್ರಿಯ ನಿಯಮ ಒಂದೇ: ಹೊಸ ಸಂಚಿಕೆ ಕೊಡುವಾಗ ಹಳೆಯದರ ಲೆಕ್ಕ ಮುಗಿಯಬೇಕು, ಉಳಿದ ಪ್ರತಿ ಮರು ಮಾತಿಲ್ಲದೆ ವಾಪಸು ತೆಗೆದುಕೊಳ್ಳಬೇಕು. ವಾಪಸು ಇಲ್ಲ ಎಂದ ದಿನ ಅಂಗಡಿಯವರು 25ರ ಬದಲು 5 ಇಟ್ಟುಕೊಳ್ಳುತ್ತಾರೆ, ಅಮೆರಿಕದ ಕಥೆ ಆಳಂದದಲ್ಲಿ ಮರುಕಳಿಸುತ್ತದೆ.

ಎರಡನೆಯ ಜಾಗ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಅಲ್ಲಿ ಆಗುವ ತೊಂದರೆ ಒಂದೇ, ಅದು ಪ್ರೀತಿಯಿಂದಲೇ ಆಗುವಂಥದ್ದು: ಬಣ್ಣದ ಪುಸ್ತಕ ಹರಿದೀತೆಂದು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಮೇಲ್ವಿಚಾರಕರಿಗೆ ಪುಸ್ತಕ ಕೊಡುವಾಗಲೇ ಬರೆದು ಕೊಡಬೇಕು: ಹರಿದ ಪ್ರತಿ ತಂದರೆ ಹೊಸದು ಉಚಿತ. ಸಂಚಿಕೆಗೆ 200 ಪ್ರತಿ ಉಚಿತವಾಗಿ ಇಟ್ಟಿರುವುದರಲ್ಲಿ ಅರ್ಧ ಇದಕ್ಕೇ. ಆರು ತಿಂಗಳಾದರೂ ಹರಿಯದ ಪುಸ್ತಕವನ್ನು ಯಾರೂ ಮುಟ್ಟಿಲ್ಲ ಎಂದೇ ತಿಳಿಯಬೇಕು. ಸರ್ಕಾರದ ಸಗಟು ಖರೀದಿ ಬಂದರೆ ಒಳ್ಳೆಯದು, ಆದರೆ ಅದರ ದುಡ್ಡನ್ನು ಈ ವರ್ಷದ ಆದಾಯದಲ್ಲಿ ಹಿಡಿಯಬಾರದು.

ಶಾಲೆಗಳಲ್ಲಿ ಚಿತ್ರದ ಪುಸ್ತಕ ಓದನ್ನು ಕೆಡಿಸುತ್ತದೆ ಎಂಬ ಮಾತು ಇನ್ನೂ ಇದೆ. ಅನಂತ ಪೈ ಅವರ ತಂಡ ಇದನ್ನು ಎದುರಿಸಲೆಂದೇ 1978ರಲ್ಲಿ ದೆಹಲಿಯಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರ ಕುರಿತು ವಿಚಾರ ಸಂಕಿರಣ ನಡೆಸಿತ್ತು. ಇಲ್ಲಿ ಸಂಕಿರಣ ಬೇಡ, 40 ನಿಮಿಷದ ಒಂದು ಪೀರಿಯಡ್ ಸಾಕು. ಇಬ್ಬರಿಗೆ ಒಂದು ಪ್ರತಿ, 15 ನಿಮಿಷ ಓದು, 10 ನಿಮಿಷ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಆಡುವುದು, 15 ನಿಮಿಷ ಖಾಲಿ ಬಲೂನು ತುಂಬುವುದು. ತರಗತಿಯಲ್ಲಿ ಬಾಯಿ ಬಿಡದ ಮಗು ಬಲೂನಿನಲ್ಲಿ ಬರೆದದ್ದನ್ನು ನೋಡಿದ ಮಾಸ್ತರರಿಗೆ ಬೇರೆ ವಾದ ಬೇಕಾಗುವುದಿಲ್ಲ.

ದುಡ್ಡಿನ ಲೆಕ್ಕ

ಚಿತ್ರ ಮತ್ತು ಬಣ್ಣಕ್ಕೆ ಪುಟಕ್ಕೆ 1,000ದಂತೆ 24,000. ಕಥೆ, ಅಕ್ಷರಕ್ಕೆ 6,000. ಅಚ್ಚು 26,000. ಒಂದು ಸಂಚಿಕೆಗೆ 56,000. ಬೆಲೆ 30. ಶಾಲೆ, ಗ್ರಂಥಾಲಯ, ಮೇಳಗಳಲ್ಲಿ ನೇರವಾಗಿ 500 ಪ್ರತಿ ಹೋದರೆ 15,000. ಅಂಗಡಿಗಳಲ್ಲಿ 1,000 ಪ್ರತಿ, ಕಮಿಷನ್ ಕಳೆದು 19.50ರಂತೆ 19,500. ಉಚಿತ 200, ದಾಸ್ತಾನು 300. ಬಂದದ್ದು 34,500, ಅಂದರೆ ಸಂಚಿಕೆಗೆ 21,500 ನಷ್ಟ, ನಾಲ್ಕಕ್ಕೆ 86,000. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲದಿದ್ದರೂ ಇದು ಹೀಗೆಯೇ. ಬಿಡಿ ಸಂಚಿಕೆ ಲಾಭ ತರುವುದಿಲ್ಲ. ಇದನ್ನು ಗೊತ್ತಿಲ್ಲದೆ ಶುರುಮಾಡಿದವರೇ ಎರಡನೆಯ ಸಂಚಿಕೆಗೆ ನಿಲ್ಲಿಸುವವರು.

ಚೇತರಿಕೆ ಸಂಪುಟದಲ್ಲಿದೆ, ಅದಕ್ಕೊಂದು ಪ್ರೆಸ್ಸಿನ ಉಪಾಯ ಬೇಕು. ಪ್ರತಿ ಸಂಚಿಕೆ ಅಚ್ಚಾಗುವಾಗಲೇ ಒಳಹಾಳೆಗಳನ್ನು 1,000 ಪ್ರತಿಗಾಗುವಷ್ಟು ಹೆಚ್ಚಿಗೆ ಓಡಿಸಿ ಮಡಿಸದೆ ಇಟ್ಟುಕೊಳ್ಳಬೇಕು. ಪ್ಲೇಟು ಹೊಸದು ಬೇಡ, ಕಾಗದ ಮತ್ತು ಮಶೀನಿನ ಹೆಚ್ಚುವರಿ ಓಟಕ್ಕೆ ನಾಲ್ಕೂ ಸೇರಿ 23,000. ಫೆಬ್ರವರಿಯಲ್ಲಿ ನಾಲ್ಕರ ಹಾಳೆ ಜೋಡಿಸಿ, ಹೊಲಿದು, ಹೊಸ ಹೊದಿಕೆ ಹಾಕಲು 14,000. 96 ಪುಟದ 1,000 ಸಂಪುಟಕ್ಕೆ ತಗಲಿದ್ದು 37,000. ಬೆಲೆ 120 ಇಟ್ಟು ಅರ್ಧ ನೇರವಾಗಿ, ಅರ್ಧ ಅಂಗಡಿಯಲ್ಲಿ ಹೋದರೆ 99,000 ಬರುತ್ತದೆ. ಉಳಿಕೆ 62,000. ಇದಕ್ಕೆ ಎರಡು ಎಚ್ಚರ ಬೇಕು. ಪುಟಸಂಖ್ಯೆಯನ್ನು ಮೊದಲ ಸಂಚಿಕೆಯಿಂದಲೇ 1ರಿಂದ 96ರವರೆಗೆ ಸತತವಾಗಿ ಹಾಕಿರಬೇಕು. ಹಾಳೆಗಳನ್ನು ನೆಲದ ಮೇಲಿಡದೆ ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು ಪೇರಿಸಬೇಕು, ಇಲ್ಲದಿದ್ದರೆ ಗೆದ್ದಲಿನ ಪಾಲು. ಮೊದಲ ಸಂಚಿಕೆಯಲ್ಲಿ ತಪ್ಪಿದ ಕಾಗುಣಿತ ಸಂಪುಟದಲ್ಲೂ ಉಳಿಯುತ್ತದೆ ಎಂಬುದು ಈ ಉಪಾಯದ ಬೆಲೆ, ಆದ್ದರಿಂದ ಕರಡು ತಿದ್ದುವವರು ಇಬ್ಬರಿರಲಿ.

3 ಲಕ್ಷದಲ್ಲಿ ನಾಲ್ಕು ಸಂಚಿಕೆಗೆ 2,24,000, ಹೆಚ್ಚುವರಿ ಹಾಳೆಗೆ 23,000 ಹೋಗಿ 53,000 ಉಳಿಯುತ್ತದೆ. 40 ಸ್ಟ್ಯಾಂಡಿಗೆ 14,000, ನಾಲ್ಕು ಸುತ್ತಿನ ಸಾಗಣೆಗೆ 18,000, ಜಾತ್ರೆ ಮತ್ತು ಬೇಸಿಗೆ ಮಳಿಗೆಗೆ 9,000, ಉಳಿದ 12,000 ಕೈಮೀರಿದ ಖರ್ಚಿಗೆ. 86,000ದ ನಷ್ಟಕ್ಕೆ ಈ 53,000 ಕೂಡಿಸಿ ಸಂಪುಟದ 62,000 ಕಳೆದರೆ ವರ್ಷದ ಕೊನೆಗೆ ನಿವ್ವಳ ನಷ್ಟ 77,000.

ಅಣ್ಣನ ಸಂಪುಟ ಮತ್ತೆ ಬರುವುದು ಇಲ್ಲಿ, ಆದರೆ ಬೇರೆ ಷರತ್ತಿನ ಮೇಲೆ. ಮುಂಗಡ ಕೊಟ್ಟವರಿಗಷ್ಟೇ, ಅಂಚೆ ಸೇರಿ 1,000 ರೂಪಾಯಿ. 300 ಮಂದಿ ಕೊಟ್ಟರೆ ಸ್ಕ್ಯಾನಿಗೆ 60,000, ಪ್ರತಿಗೆ 550ರಂತೆ ಅಚ್ಚಿಗೆ 1,65,000, ಪ್ಯಾಕಿಂಗ್ ಮತ್ತು ಅಂಚೆಗೆ 27,000 ಕಳೆದು 48,000 ಉಳಿಯುತ್ತದೆ. ಪ್ರಕಾಶಕರಿಗೆ ಅಗ್ಗವಾಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತದ್ದರಿಂದ ಅಂಚೆಯ ಬಾಬತ್ತನ್ನು ಬಿಗಿಯಾಗಿ ಹಿಡಿಯುವಂತಿಲ್ಲ. 200 ಮಂದಿ ಮಾತ್ರ ಬಂದರೆ ಪ್ರತಿಯ ಅಚ್ಚು 600ಕ್ಕೆ ಏರಿ ಲಾಭ ನಷ್ಟ ಸಮಸಮ. ಅದಕ್ಕಿಂತ ಕಡಿಮೆಯಾದರೆ ದುಡ್ಡು ಹಿಂತಿರುಗಿಸಬೇಕು. ಒಂದು ಪ್ರತಿಯೂ ಹೆಚ್ಚಿಗೆ ಅಚ್ಚಾಗಬಾರದು. ಹಳೆಯ ಓದುಗರ ಪ್ರೀತಿಗೆ ಬಂಡವಾಳ ಅವರ ಮುಂಗಡದಿಂದಲೇ ಬರಲಿ, ಪ್ರಕಾಶನದ 3 ಲಕ್ಷ ಮುಟ್ಟಬಾರದು. 300 ಬಂದರೆ ಒಟ್ಟು ನಷ್ಟ 29,000ಕ್ಕೆ ಇಳಿಯುತ್ತದೆ. ಅಷ್ಟನ್ನು ಪ್ರಕಾಶನ ತಡೆದುಕೊಳ್ಳಬಲ್ಲದು.

ಎಣಿಕೆ

ಜಪಾನಿನ ಹುಡುಗರ ಕಾಮಿಕ್ಸ್ ವಾರಪತ್ರಿಕೆ ವೀಕ್ಲಿ ಶೋನೆನ್ ಜಂಪ್ 1995ರ ಹೊತ್ತಿಗೆ ವಾರಕ್ಕೆ 65 ಲಕ್ಷ ಪ್ರತಿ ದಾಟಿತ್ತು. ಅದರ ಪ್ರತಿ ಸಂಚಿಕೆಯಲ್ಲೂ ಒಂದು ಕಾರ್ಡು ಇರುತ್ತಿತ್ತು, ಓದುಗರು ಇಷ್ಟವಾದ ಮೂರು ಕಥೆ ಗುರುತಿಸಿ ಕಳಿಸುತ್ತಿದ್ದರು, ಯಾವ ಸರಣಿ ಉಳಿಯಬೇಕೆಂಬುದನ್ನು ಸಂಪಾದಕರು ಅದನ್ನು ನೋಡಿ ತೀರ್ಮಾನಿಸುತ್ತಿದ್ದರು. ಆಳಂದದ ಮಗುವಿಗೆ ಕಾರ್ಡು ತುಂಬಿ ಅಂಚೆಗೆ ಹಾಕುವ ರೂಢಿ ಇಲ್ಲ. ಇಲ್ಲಿಗೆ ಸರಿಹೊಂದುವುದು ಹಿಂಬದಿ ಹೊದಿಕೆಯ ಕೆಳಗೆ ಕತ್ತರಿಸುವ ಒಂದು ಚೀಟಿ: "ಮುಂದಿನದು ನನಗೊಂದು ಇಡ್ರಿ" ಎಂಬ ಸಾಲು, ಹೆಸರಿಗೆ ಜಾಗ, ಆಡು, ಹುಡುಗಿ, ಮುತ್ಯಾ ಮೂವರ ಮುಖ. ಇಷ್ಟವಾದ ಮುಖಕ್ಕೆ ಗುರುತು ಹಾಕಿ ಮಗು ಅದನ್ನು ಅಂಗಡಿಯವರಿಗೆ ಕೊಡುತ್ತದೆ. ಅಂಗಡಿಯವರಿಗೆ ಅದು ಮುಂದಿನ ಬೇಡಿಕೆ, ಪ್ರಕಾಶಕರಿಗೆ ಓದುಗರ ಗಣತಿ.

20 ಪ್ರತಿ ಮಾರಿದ ಅಂಗಡಿಯಲ್ಲಿ 5 ಚೀಟಿ ಬಂದರೆ ಆ ಜಾಗ ಸರಿ. ಸತತ ಎರಡು ಸಂಚಿಕೆಗೆ ಎರಡಕ್ಕಿಂತ ಕಡಿಮೆ ಬಂದರೆ ಸ್ಟ್ಯಾಂಡನ್ನು ಇನ್ನೊಂದು ಶಾಲೆಯ ಎದುರು ಒಯ್ಯಬೇಕು. ಮಾರಾಟ ಚೆನ್ನಾಗಿದ್ದು ಚೀಟಿ ಬಾರದಿದ್ದರೆ ದೊಡ್ಡವರು ಕೊಡಿಸುತ್ತಿದ್ದಾರೆ, ಮಕ್ಕಳು ಓದುತ್ತಿಲ್ಲ, ಕಥೆಯನ್ನೇ ನೋಡಬೇಕು. ಮಾರಾಟ ಕಡಿಮೆಯಿದ್ದು ಚೀಟಿ ಹೆಚ್ಚಿದ್ದರೆ ಕಥೆ ಸರಿ ಇದೆ, ಪುಸ್ತಕ ಕಾಣುತ್ತಿಲ್ಲ, ಹಗ್ಗ ಕೆಳಗಿಳಿಸಬೇಕು. ನಾಲ್ಕನೆಯ ಸಂಚಿಕೆಯ ಹೊತ್ತಿಗೆ 40 ಅಂಗಡಿಯಿಂದ ಒಟ್ಟು 200 ಚೀಟಿ ಬಂದಿದ್ದರೆ ಎರಡನೆಯ ವರ್ಷಕ್ಕೆ ಚಿತ್ರಕಾರರಿಗೆ ಮುಂಗಡ ಕೊಡಬಹುದು. 100ರ ಕೆಳಗಿದ್ದರೆ ಐದನೆಯದನ್ನು ಅಚ್ಚಿಗೆ ಕಳಿಸುವ ಮೊದಲು ಹತ್ತು ಶಾಲೆಗಳಲ್ಲಿ ಕುಳಿತು ಮಕ್ಕಳು ಎಲ್ಲಿ ಪುಟ ಮಗುಚಿ ಬಿಡುತ್ತಾರೆ ಎಂದು ನೋಡಿ ಬರಬೇಕು.

ದಾಸ್ತಾನಿನ 300 ಪ್ರತಿ ರದ್ದಿಗೆ ಹೋಗಬಾರದು. ಪ್ರತಿ ಜೂನಿನಲ್ಲೂ ಮೂರನೆಯ ತರಗತಿಗೆ ಹೊಸ ಮಕ್ಕಳು ಬರುತ್ತಾರೆ, ಅವರಿಗೆ ಹೋದ ವರ್ಷದ ಮೊದಲ ಸಂಚಿಕೆಯೂ ಹೊಸದೇ. ಅದಕ್ಕಾಗಿ ಇದನ್ನು ಮಾಸಪತ್ರಿಕೆಯಾಗಿ ನೋಂದಾಯಿಸದೆ ಪುಸ್ತಕಮಾಲೆಯಾಗಿ ತರಬೇಕು, ಸಂಚಿಕೆಗೊಂದು ಪುಸ್ತಕ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಪಡೆಯಬೇಕು, ಅದು ಉಚಿತವಾಗಿಯೇ ಸಿಗುತ್ತದೆ. ಹೊದಿಕೆಯ ಮೇಲೆ ತಿಂಗಳು, ವರ್ಷ ಅಚ್ಚು ಹಾಕಬಾರದು. 1, 2, 3, 4 ಎಂಬ ದೊಡ್ಡ ಸಂಖ್ಯೆ ಸಾಕು, ಮೂರನೆಯದು ಕೈಯಲ್ಲಿರುವ ಮಗು ಒಂದು ಮತ್ತು ಎರಡನ್ನೂ ಹುಡುಕಿಕೊಂಡು ಬರುವಂತೆ.